ತಂಬಾಕು ಮಂಡಳಿಯನ್ನು ನಡೆಸುವವರು ಯಾರು? ತುಮಕೂರಿನ ಬೀಡಿಯೂ ಅದರ ಕೈಕೆಳಗೆ ಬರುತ್ತದೆಯೇ?

ಮೊದಲು ಎರಡನೇ ಪ್ರಶ್ನೆ, ಯಾಕಂದ್ರೆ ಗೊಂದಲ ಜಾಸ್ತಿ ಇರುವುದು ಅಲ್ಲೇ. ಬರುವುದಿಲ್ಲ. ಮಂಡಳಿ ನೋಡಿಕೊಳ್ಳುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು ಬೆಳೆಯನ್ನು. ಪಿರಿಯಾಪಟ್ಟಣ, ಹುಣಸೂರು ಕಡೆ ಬ್ಯಾರನ್‌ನಲ್ಲಿ (ಎಲೆ ಒಣಗಿಸುವ ಮನೆಯಲ್ಲಿ) ಬಿಸಿ ಗಾಳಿ ಕೊಟ್ಟು ಹದ ಮಾಡಿ, ಹರಾಜು ಕಟ್ಟೆಗೆ ತರುತ್ತಾರಲ್ಲ, ಆ ಎಲೆ. ತುಮಕೂರಿನಲ್ಲಿ ಹೆಂಗಸರು ತೊಡೆ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಪುಡಿ ತುಂಬಿ, ನೂಲು ಸುತ್ತಿ ಕಟ್ಟುವ ಬೀಡಿಯ ತಂಬಾಕೇ ಬೇರೆ. ಅವರ ಕೂಲಿ, ಪಿಎಫ್ ವಿಚಾರಕ್ಕೆ ಕಾರ್ಮಿಕ ಇಲಾಖೆ, ಪಿಎಫ್ ಕಚೇರಿಗೇ ಹೋಗಬೇಕು. ಮಂಡಳಿಗೆ ಅರ್ಜಿ ಬರೆದು ಸುಮ್ನೆ ಕಾಯಬೇಡಿ.

ಇನ್ನು ಮುಖ್ಯಸ್ಥರ ವಿಷಯ. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಮಂಡಳಿ ಶುರುವಾಯಿತು. ಕೇಂದ್ರ ಕಚೇರಿ ಆಂಧ್ರದ ಗುಂಟೂರಿನಲ್ಲಿ. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ, ಇಲಾಖೆ ವಾಣಿಜ್ಯ ಸಚಿವಾಲಯ. ಮಂಡಳಿಯಲ್ಲಿ ಮೂವರು ಸಂಸದರಿಗೂ ಜಾಗವಿದೆ: ಲೋಕಸಭೆಯಿಂದ ಇಬ್ಬರು, ರಾಜ್ಯಸಭೆಯಿಂದ ಒಬ್ಬರು. ಕೆ. ಗೋಪಾಲ್ ಅವರಂಥ ಐಎಎಸ್ ಅಧಿಕಾರಿಗಳು ಅಧ್ಯಕ್ಷರಾಗಿದ್ದರು. 2019ರಲ್ಲಿ ಗುಂಟೂರಿನ ಬಿಜೆಪಿ ನಾಯಕ ರಘುನಾಥ ಬಾಬು ಬಂದರು, ಆಮೇಲೆ ಯಶವಂತ ಕುಮಾರ್. ದಿನನಿತ್ಯದ ಆಡಳಿತಕ್ಕೆ ಕಾರ್ಯನಿರ್ವಾಹಕ ನಿರ್ದೇಶಕರು ಇರುತ್ತಾರೆ.

ಅಧ್ಯಕ್ಷರ ಹೆಸರಿಗಿಂತ ರೈತರಿಗೆ ದೊಡ್ಡದು ಅನ್ನಿಸಿದ್ದು ಹರಾಜು, ಅಲ್ವಾ? ಅದು ಮೊದಲು ಶುರುವಾಗಿದ್ದು ನಮ್ಮ ಕರ್ನಾಟಕದಲ್ಲೇ, 1984ರಲ್ಲಿ. ಆಂಧ್ರಕ್ಕೆ ಹೋಗಿದ್ದು ಮರುವರ್ಷ.