ಟಿವಿಗೆ ಮೊದಲು ರಂಗವಿತ್ತು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಅಮೆರಿಕದ ಗಾಯಕ ಆಡಮ್ ಲ್ಯಾಂಬರ್ಟ್ ಬಗ್ಗೆ ನೀವು ಕಳಿಸಿದ ‘ಸೋತು ಗೆದ್ದ ಗಾಯಕ’ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಈ ಗಾಯಕರ ಮೇಲೆ ನಿಮಗೆ ನಿಜವಾದ ಪ್ರೀತಿ ಇದೆ, ಹಾಡುಗಳನ್ನು ಕಿವಿಗೊಟ್ಟು ಕೇಳಿದ್ದೀರಿ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಲೇಖನ 2009ರ ಮೇ 20ರ ರಾತ್ರಿಯಿಂದ ಶುರುವಾಗುತ್ತದೆ. ಟಿವಿ ಗಾಯನ ಸ್ಪರ್ಧೆ ‘ಅಮೆರಿಕನ್ ಐಡಲ್’ನ ಎಂಟನೇ ಸೀಸನ್ನಿನ ಫಿನಾಲೆ. ಕ್ರಿಸ್ ಆಲನ್ ಗೆದ್ದರು, ಆಡಮ್‌ಗೆ ಎರಡನೇ ಸ್ಥಾನ. ಅಲ್ಲಿಂದ ಮುಂದೆ ಉದ್ದಕ್ಕೂ ಒಂದೇ ಮಾತು: ಜನ ಅನ್ಯಾಯ ಮಾಡಿದರು, ಆಡಮ್ ಗೆದ್ದು ತೋರಿಸಿದರು. ಓದಲು ಬಿರುಸಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಆಡಮ್ ಸಿಗುವುದಿಲ್ಲ. ಯಾವುದೋ ಸ್ಪರ್ಧೆಯಲ್ಲಿ ಸೋತ ಯಾರ ಹೆಸರು ಹಾಕಿದರೂ ಆ ಪ್ಯಾರಾಗಳು ನಡೆಯುತ್ತವೆ. ಕ್ರಿಸ್ ಆಲನ್ ಬಗ್ಗೆ ಬರೆದ ಕಟು ಸಾಲುಗಳನ್ನಂತೂ ತೆಗೆಯಲೇಬೇಕು. ಗೆದ್ದ ಆ ಕ್ಷಣದಲ್ಲೇ, ಇದು ಆಡಮ್‌ಗೆ ಸಲ್ಲಬೇಕು ಎಂದು ವೇದಿಕೆ ಮೇಲೆ ಹೇಳಿದವರು ಅವರು. ಅಂಥವರನ್ನು ಖಳನಾಯಕ ಮಾಡುವುದು ಸರಿಯಲ್ಲ.

ನಿಮಗೆ ಸಿಕ್ಕೂ ನೀವು ಬಿಟ್ಟುಬಿಟ್ಟ ವಿಷಯ ಬೇರೆಯೇ ಇದೆ. ‘ಇದಕ್ಕೂ ಮೊದಲು ಅವರು ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದರು’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ಇಡೀ ಲೇಖನ ನಿಲ್ಲಬೇಕಾದ್ದು ಆ ಸಾಲಿನ ಮೇಲೆ.

ಲೆಕ್ಕ ಹಾಕಿ ನೋಡಿ. ಆಡಮ್ ಹುಟ್ಟಿದ್ದು 1982ರಲ್ಲಿ. ಐಡಲ್ ಫಿನಾಲೆ ಹೊತ್ತಿಗೆ 27 ವರ್ಷ. ಸ್ಯಾನ್ ಡಿಯಾಗೋದಲ್ಲಿ ಬೆಳೆಯುವಾಗಲೇ ಮಕ್ಕಳ ನಾಟಕ ತಂಡ ಸೇರಿದ್ದರು. 2004ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ದ ಟೆನ್ ಕಮಾಂಡ್‌ಮೆಂಟ್ಸ್’ ಸಂಗೀತ ನಾಟಕದಲ್ಲಿ ಜೋಶುವಾ ಪಾತ್ರ ಮಾಡಿದರು. ಆಮೇಲೆ ‘ವಿಕೆಡ್’ ಸಂಗೀತ ನಾಟಕದ ತಂಡದಲ್ಲಿ ಕೋರಸ್‌ನಲ್ಲಿದ್ದರು. ಜೊತೆಗೆ ಫಿಯೆರೋ ಪಾತ್ರಕ್ಕೆ ಅಂಡರ್‌ಸ್ಟಡಿ, ಅಂದರೆ ಮುಖ್ಯ ನಟ ಬರದ ದಿನ ಆ ಪಾತ್ರಕ್ಕೆ ನಿಲ್ಲಬೇಕಾದ ಬದಲಿ ನಟ. ಟಿವಿ ಇವರನ್ನು ಹುಟ್ಟಿಸಲಿಲ್ಲ. ಕೆಲಸ ಕಲಿತು ಬಂದವರನ್ನು ಜನರಿಗೆ ತೋರಿಸಿತು, ಅಷ್ಟೇ.

ಬದಲಿ ನಟನ ಕೆಲಸ ಎಂಥದ್ದು ಎಂದು ಸ್ವಲ್ಪ ಯೋಚಿಸಿ. ಪ್ರತಿ ರಾತ್ರಿ ಗುಂಪಿನಲ್ಲಿ ನಿಂತು ಹಾಡಬೇಕು. ಇನ್ನೊಬ್ಬರ ಪಾತ್ರದ ಮಾತು, ಹೆಜ್ಜೆ, ಉಸಿರು ಎಲ್ಲವನ್ನೂ ಮೈಯಲ್ಲಿ ಇಟ್ಟುಕೊಂಡಿರಬೇಕು. ಕರೆ ಬಂದ ದಿನ ಹೋಗಿ ನಿಂತಾಗ, ಎದುರಿಗಿರುವ ಜನ ಬೇರೆಯವರನ್ನು ನೋಡಲು ಟಿಕೆಟ್ ಕೊಂಡವರು. ಅವರ ಮುಂದೆ ಪಾತ್ರವನ್ನು ಕೆಡಿಸಬಾರದು, ಮೂಲ ನಟನ ನಕಲೂ ಆಗಬಾರದು. ಈಗ ಬ್ರಿಟನ್ನಿನ ರಾಕ್ ತಂಡ ಕ್ವೀನ್ ಜೊತೆಗಿನ ಆಡಮ್ ಅವರನ್ನು ನೋಡಿ. ಅದೇ ಕೆಲಸ ಅಲ್ವಾ?

ನಿಮ್ಮ ಲೇಖನದಲ್ಲಿ ‘ಫ್ರೆಡ್ಡಿ ಮರ್ಕ್ಯುರಿ ಜಾಗವನ್ನು ತುಂಬಿದರು’ ಎಂದಿದೆ. ಆ ಮಾತು ತೆಗೆಯಿರಿ. ಕ್ವೀನ್‌ನ ಮುಖ್ಯ ಗಾಯಕ ಫ್ರೆಡ್ಡಿ 1991ರಲ್ಲಿ ತೀರಿಕೊಂಡರು. ತಂಡದ ಗಿಟಾರ್ ವಾದಕ ಬ್ರಯನ್ ಮೇ ಮತ್ತು ಡ್ರಮ್ ವಾದಕ ರೋಜರ್ ಟೇಲರ್ ಆಡಮ್ ಜೊತೆ ಮೊದಲ ಪೂರ್ಣ ಕಛೇರಿ ಮಾಡಿದ್ದು 2012ರಲ್ಲಿ, ಉಕ್ರೇನಿನ ಕೀವ್‌ನಲ್ಲಿ. ಅಂದಿನಿಂದ ಪೋಸ್ಟರ್ ಮೇಲೆ ಇರುವ ಹೆಸರು ‘ಕ್ವೀನ್ + ಆಡಮ್ ಲ್ಯಾಂಬರ್ಟ್’. ನಡುವೆ ಆ ಕೂಡಿಸುವ ಗುರುತು ಇದೆ. ತಾನು ಫ್ರೆಡ್ಡಿ ಅಲ್ಲ, ಅಂಥವರು ಇನ್ನೊಬ್ಬರಿಲ್ಲ ಎಂದು ಆಡಮ್ ವೇದಿಕೆಯಲ್ಲೇ ಜನರಿಗೆ ಹೇಳುತ್ತಾರೆ. ಕಛೇರಿಯ ನಡುವೆ ಬ್ರಯನ್ ಮೇ ಒಬ್ಬರೇ ಗಿಟಾರ್ ಹಿಡಿದು ‘ಲವ್ ಆಫ್ ಮೈ ಲೈಫ್’ ಹಾಡುವಾಗ ಹಿಂದಿನ ಪರದೆಯ ಮೇಲೆ ಫ್ರೆಡ್ಡಿ ಬರುತ್ತಾರೆ. ಮುಖ್ಯ ಗಾಯಕ ಪಕ್ಕಕ್ಕೆ ಸರಿದು ಜಾಗ ಬಿಡುವ ಈ ಘಟ್ಟವನ್ನು ನೀವು ವಿವರವಾಗಿ ಬರೆಯಬೇಕಿತ್ತು. 2019ರ ಆಸ್ಕರ್ ಸಮಾರಂಭವನ್ನು ಅವರ ಹಾಡಿನಿಂದಲೇ ಶುರು ಮಾಡಿದ್ದನ್ನು ಬರೆದಿದ್ದೀರಿ. ಅದು ಇರಲಿ, ಆದರೆ ಅದು ಸುದ್ದಿ. ಇದು ಕಲೆ.

‘ನಾಟಕೀಯ’ ಎಂಬ ಪದವನ್ನು ನೀವು ಬಟ್ಟೆ, ಕಾಡಿಗೆ, ಮಿಂಚುಪುಡಿಗೆ ಮಾತ್ರ ಬಳಸಿದ್ದೀರಿ. ಐಡಲ್ ಆಡಿಷನ್ನಿನಲ್ಲೇ ತೀರ್ಪುಗಾರ ಸೈಮನ್ ಕೋವೆಲ್ ಈ ಹುಡುಗ ಥಿಯೇಟ್ರಿಕಲ್ ಎಂದಿದ್ದರು. ಅದು ಹೊಗಳಿಕೆ ಆಗಿರಲಿಲ್ಲ. ಅದೇ ಸೈಮನ್ 2009ರ ಏಪ್ರಿಲ್‌ನಲ್ಲಿ ‘ಮ್ಯಾಡ್ ವರ್ಲ್ಡ್’ ಕೇಳಿ ಎದ್ದು ನಿಂತರು. ಆ ದಿನ ಆಡಮ್ ಕುಣಿಯಲಿಲ್ಲ, ಕಿರುಚಲಿಲ್ಲ. ಕುರ್ಚಿಯಲ್ಲಿ ಕೂತು ಮೆಲ್ಲಗೆ ಹಾಡಿದರು. ಯಾವಾಗ ಅಲುಗಾಡಬಾರದು ಎಂದು ಗೊತ್ತಿರುವುದೂ ರಂಗದ ಪಾಠವೇ. ಇದನ್ನು ಹೇಳಿದರೆ ಓದುಗರಿಗೆ ಆ ಪದದ ಅರ್ಥ ತಾನಾಗಿ ದೊಡ್ಡದಾಗುತ್ತದೆ.

ಇನ್ನು ನನಗೆ ತುಂಬಾ ಬೇಸರವಾದ ಜಾಗ. ‘ಒಂದು ವಿವಾದದಿಂದ ಸ್ವಲ್ಪ ತೊಂದರೆಯಾಯಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಯಾವ ವಿವಾದ? ಆಡಮ್ ಸಲಿಂಗಿ ಎಂಬ ಮಾತೇ ಲೇಖನದಲ್ಲಿಲ್ಲ. ಅವರು ಅದನ್ನು ಮುಚ್ಚಿಟ್ಟವರಲ್ಲ. ಫಿನಾಲೆ ಮುಗಿದ ಮುಂದಿನ ತಿಂಗಳೇ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ನೇರವಾಗಿ ಹೇಳಿದರು. ಅದೇ ವರ್ಷ ನವೆಂಬರ್ 22ರಂದು ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್ ವೇದಿಕೆಯಲ್ಲಿ ಹಾಡುತ್ತಾ ತಮ್ಮ ತಂಡದ ಕೀಬೋರ್ಡ್ ವಾದಕನಿಗೆ ಮುತ್ತು ಕೊಟ್ಟರು. ಎಬಿಸಿ ವಾಹಿನಿ ತನ್ನ ಬೆಳಗಿನ ಕಾರ್ಯಕ್ರಮದಿಂದ ಅವರನ್ನು ಕೈಬಿಟ್ಟಿತು. ಸಿಬಿಎಸ್ ಕರೆದು ಹಾಡಿಸಿತು. ಗಾಯಕಿಯರು ಇಂಥದ್ದನ್ನು ವರ್ಷಗಳಿಂದ ಮಾಡುತ್ತಿದ್ದಾರೆ, ಗಂಡಸು ಮಾಡಿದರೆ ಮಾತ್ರ ಯಾಕೆ ಗಲಾಟೆ ಎಂದು ಆಡಮ್ ಕೇಳಿದರು. ಆ ಪ್ರದರ್ಶನ ಚೆನ್ನಾಗಿತ್ತೋ ಇಲ್ಲವೋ ಎಂದು ನೀವು ಬರೆಯಬಹುದು. ನಿಮಗೆ ಇಷ್ಟವಾಗದಿದ್ದರೆ ಅದನ್ನೂ ಬರೆಯಿರಿ. ಆದರೆ ಅವರು ಯಾರು ಎಂಬುದನ್ನೇ ಓದುಗರಿಂದ ಮರೆಮಾಡಿದರೆ, ಮೊದಲ ಆಲ್ಬಮ್ ಹೊರಬಂದ ಆ ವಾರ ಅವರು ಏನೆಲ್ಲ ಎದುರಿಸಿದರು ಎಂಬುದು ಯಾರಿಗೂ ಅರ್ಥವಾಗುವುದಿಲ್ಲ. ಓದುಗರು ಬೇಸರ ಮಾಡಿಕೊಳ್ಳುತ್ತಾರೆಂದು ಹೆದರಿದ್ದರೆ, ಆ ಹೆದರಿಕೆ ಬೇಡ. ಆ ಜವಾಬ್ದಾರಿ ನನ್ನದು.

ಅಂಕಿಗಳ ವಿಷಯದಲ್ಲೂ ಅವಸರವಾಗಿದೆ. 2012ರಲ್ಲಿ ಅವರ ಎರಡನೇ ಆಲ್ಬಮ್ ‘ಟ್ರೆಸ್‌ಪಾಸಿಂಗ್’ ಅಮೆರಿಕದ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಬಂತು. ಬಹಿರಂಗವಾಗಿ ಸಲಿಂಗಿ ಎಂದು ಹೇಳಿಕೊಂಡ ಗಾಯಕರೊಬ್ಬರ ಆಲ್ಬಮ್ ಹೀಗೆ ಬಂದದ್ದು ಅದೇ ಮೊದಲು. ನೀವು ಇದನ್ನು ‘ಜನಪ್ರಿಯತೆಯ ಶಿಖರ’ ಎಂದಿದ್ದೀರಿ. ಆದರೆ ಮೊದಲ ವಾರ ಮಾರಾಟವಾದದ್ದು ಸುಮಾರು 77,000 ಪ್ರತಿ. 2009ರ ಮೊದಲ ಆಲ್ಬಮ್ ಮೂರನೇ ಸ್ಥಾನಕ್ಕೆ ನಿಂತರೂ ಮೊದಲ ವಾರ ಸುಮಾರು 1,98,000 ಪ್ರತಿ ಹೋಗಿತ್ತು. ಎರಡೂ ನಿಜ, ಎರಡನ್ನೂ ಪಕ್ಕಪಕ್ಕ ಇಡಿ. ಟಿವಿ ಕೊಟ್ಟ ಜನಸಾಗರ ಎಷ್ಟು ಬೇಗ ಇಳಿಯುತ್ತದೆ ಎಂದು ಆಗ ಕಾಣುತ್ತದೆ. ಅದಾದ ಮೇಲೂ ಉಳಿದದ್ದು ಏನು ಎಂಬ ಪ್ರಶ್ನೆಗೆ ಆಗ ಜಾಸ್ತಿ ತೂಕ ಬರುತ್ತದೆ.

2013 ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಆ ವರ್ಷ ಅವರು ತಮ್ಮ ಆಲ್ಬಮ್ ತರುತ್ತಿದ್ದ ಆರ್‌ಸಿಎ ಕಂಪನಿ ಬಿಟ್ಟರು. ಎಂಬತ್ತರ ದಶಕದ ಹಳೆಯ ಹಾಡುಗಳ ಆಲ್ಬಮ್ ಮಾಡಿ ಎಂದು ಕಂಪನಿ ಕೇಳಿತ್ತು, ಅವರು ಒಪ್ಪಲಿಲ್ಲ. ವಾರ್ನರ್ ಸೇರಿ, 2015ರಲ್ಲಿ ‘ದ ಒರಿಜಿನಲ್ ಹೈ’ ತಂದರು. ಆಮೇಲೆ 2023ರಲ್ಲಿ ಬಂದ ‘ಹೈ ಡ್ರಾಮಾ’ ಪೂರ್ತಿ ಬೇರೆಯವರ ಹಾಡುಗಳದ್ದೇ. ಒಮ್ಮೆ ಬೇಡ ಎಂದವರು ಹತ್ತು ವರ್ಷದ ನಂತರ ಯಾಕೆ ಅದಕ್ಕೇ ಬಂದರು? ನನಗನ್ನಿಸುವುದು, ಇನ್ನೊಬ್ಬರ ಹಾಡನ್ನು ತನ್ನದಾಗಿಸಿಕೊಳ್ಳುವುದೇ ಅವರ ದೊಡ್ಡ ಶಕ್ತಿ, ಆದರೆ ಯಾವ ಹಾಡು, ಯಾವಾಗ ಎಂದು ತೀರ್ಮಾನಿಸುವವರು ತಾವೇ ಆಗಿರಬೇಕಿತ್ತು. ನಿಮ್ಮ ಅಭಿಪ್ರಾಯ ಬೇರೆ ಇರಬಹುದು. ಅದು ಏನೆಂದು ನನಗೆ ಓದಬೇಕಿದೆ.

ನಿಮ್ಮ ಅತ್ಯುತ್ತಮ ಪ್ಯಾರಾ 2018ರ ಕೆನಡಿ ಸೆಂಟರ್ ಸಮಾರಂಭದ್ದು. ಗೌರವ ಪಡೆಯಲು ಬಂದಿದ್ದ ಗಾಯಕಿ ಶೇರ್ ಎದುರು ಅವರದೇ ‘ಬಿಲೀವ್’ ಹಾಡನ್ನು, ಕುಣಿಸುವ ಆ ತಾಳವನ್ನೆಲ್ಲ ಬಿಟ್ಟು, ಆಡಮ್ ನಿಧಾನವಾಗಿ ಹಾಡಿದರು. ಶೇರ್ ಕಣ್ಣು ತುಂಬಿಕೊಂಡರು. ಇಲ್ಲಿ ನೀವು ‘ಅದ್ಭುತ’, ‘ಅಮೋಘ’ ಎಂದು ಒಮ್ಮೆಯೂ ಬರೆದಿಲ್ಲ. ಸ್ವರ ಎಲ್ಲಿ ತಗ್ಗಿತು, ಎಲ್ಲಿ ಏರಿತು ಎಂದು ಮಾತ್ರ ಹೇಳಿದ್ದೀರಿ. ನನಗೆ ಹಾಡು ಕೇಳಿಸಿತು. ಉಳಿದ ಪ್ಯಾರಾಗಳಲ್ಲಿ ಹೊಗಳಿಕೆಯ ಪದಗಳನ್ನು ಹೊಡೆದುಹಾಕಿ, ಅಲ್ಲಿ ಏನು ಉಳಿಯುತ್ತದೆ ನೋಡಿ. ಏನೂ ಉಳಿಯದಿದ್ದರೆ ಆ ಹಾಡನ್ನು ಮತ್ತೆ ಕೇಳಿ ಬರೆಯಿರಿ.

ಲೇಖನವನ್ನು ಆಸ್ಕರ್‌ಗೆ ನಿಲ್ಲಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಆಡಮ್ ನ್ಯೂಯಾರ್ಕಿನಲ್ಲಿ ‘ಕ್ಯಾಬರೆ’ ನಾಟಕದ ಎಂಸೀ, ಅಂದರೆ ನಿರೂಪಕನ ಪಾತ್ರಕ್ಕೆ ಬಂದರು. ಬ್ರಾಡ್‌ವೇ ರಂಗದಲ್ಲಿ ಅದೇ ಮೊದಲು, ಆಗ 42 ವರ್ಷ. ಬೇರೆ ನಟರು ಮಾಡಿ ಹೆಸರಾಗಿದ್ದ ಪಾತ್ರವನ್ನು 2025ರ ಮಾರ್ಚ್‌ವರೆಗೆ ಅವರು ನಿಭಾಯಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಬಯಲು ರಂಗಮಂದಿರ ಹಾಲಿವುಡ್ ಬೌಲ್‌ನಲ್ಲಿ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನ ಜೂಡಸ್ ಆದರು. ‘ವಿಕೆಡ್’ನ ಕೋರಸ್‌ನಿಂದ ಇಲ್ಲಿಯವರೆಗಿನ ದಾರಿಯನ್ನು ಬರೆಯಿರಿ. ಐಡಲ್ ಫಿನಾಲೆಗೆ ಅದರಲ್ಲಿ ಒಂದು ಪ್ಯಾರಾ ಸಾಕು.

ತಲೆಬರಹ ಬದಲಾಯಿಸಿ. ಉದ್ದ ಈಗಿನಷ್ಟೇ ಇರಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ