ಎಂಜಿನ್ ಸುಡ್ತಿದೆ, ನಲ್ಲಿ ನೀರು ಮಾತ್ರ ಉಗುರುಬೆಚ್ಚಗೆ!

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಕಾಲುವೆಗಳಿಂದ, ಅಲ್ಲಿ ನ್ಯಾರೋಬೋಟ್‌ನಲ್ಲಿ ವಾಸ ಮಾಡೋ ಕನ್ನಡದವ್ರಿಂದ. ಏಳಡಿಗೂ ಒಂಚೂರು ಕಮ್ಮಿ ಅಗಲದ ಉದ್ದನೆ ಉಕ್ಕಿನ ದೋಣಿ ಅದು, ಅದರಲ್ಲೇ ಅಡುಗೆಮನೆ, ಬಚ್ಚಲು, ಮಂಚ ಎಲ್ಲ. ಸ್ನಾನದ ನೀರು ಕಾಯೋದು ಎಂಜಿನ್ ಬಿಸಿಯಿಂದ. ನಮ್ಮೂರ ಬಚ್ಚಲ ಹಂಡೆಗೆ ಉರಿ ಕೆಳಗಿಂದ, ಇಲ್ಲಿ ಉರಿನೇ ಹಂಡೆಯೊಳಗೆ ಹೋಗಿ ಬರತ್ತೆ ಅಂದ್ಕೊಳ್ಳಿ. ಎಂಜಿನ್ನಿನ ಬಿಸಿ ಕೂಲಂಟ್, ಅಂದ್ರೆ ಎಂಜಿನ್ನನ್ನ ತಂಪಾಗಿಡೋ ದ್ರವ, ಒಂದು ತಾಮ್ರದ ಕಾಯಿಲ್ (ಸುರುಳಿ ಪೈಪ್) ಮೂಲಕ ಟ್ಯಾಂಕಿನ ಒಳಗೆ ಸುತ್ತಿ ವಾಪಸ್ ಎಂಜಿನ್‌ಗೆ ಹೋಗತ್ತೆ, ಆ ಟ್ಯಾಂಕಿಗೆ ಕ್ಯಾಲೊರಿಫೈಯರ್ ಅಂತಾರೆ.

ಪ್ರಶ್ನೆ: ಸರ್ ನಮಸ್ಕಾರ, ನಾವು ಶಿವಮೊಗ್ಗ ಕಡೆಯವ್ರು, ಈಗ ಬ್ರಾನ್‌ಸ್ಟನ್ ಹತ್ರ ಗ್ರ್ಯಾಂಡ್ ಯೂನಿಯನ್ ಕಾಲುವೆಲಿ ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡು ಇದೀವಿ. ಬೀಟಾ 38 ಎಂಜಿನ್, 55 ಲೀಟರ್ ಕ್ಯಾಲೊರಿಫೈಯರ್. ಬೇಸಿಗೆಲಿ ನೀರು ಕೈ ಸುಡ್ತಿತ್ತು, ಈಗ ಎರಡು ಗಂಟೆ ಎಂಜಿನ್ ಓಡಿಸಿದ್ರೂ ಉಗುರುಬೆಚ್ಚಗೆ ಅಷ್ಟೇ. ಎಂಜಿನ್ ಬಿಸಿಯ ಗೇಜ್ 80 ಡಿಗ್ರಿ ತೋರಿಸತ್ತೆ. ಹೋದ ತಿಂಗಳು ಬೋಟ್ ರಿಪೇರಿ ಯಾರ್ಡಲ್ಲಿ ಸರ್ವಿಸ್ ಮಾಡಿಸಿ ಕೂಲಂಟ್ ಬದಲಾಯಿಸಿದ್ವಿ, ಅದೇ ಯಾರ್ಡಿನವ್ರು ಈಗ ಕ್ಯಾಲೊರಿಫೈಯರ್ ಹೋಗಿದೆ ಹೊಸದು ಹಾಕ್ಬೇಕು ಅಂತಿದಾರೆ. ಹಾಕಿಸ್ಲಾ?
– ಓದುಗರು, ಬ್ರಾನ್‌ಸ್ಟನ್

ಉತ್ತರ: ಬೇಡ ಮೇಡಂ, ಈಗ್ಲೇ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ‘ಹೋದ ತಿಂಗಳು ಕೂಲಂಟ್ ಬದಲಾಯಿಸಿದ್ವಿ’ ಅನ್ನೋದು. ಕೂಲಂಟ್ ಖಾಲಿ ಮಾಡಿ ತುಂಬಿಸಿದ ಮೇಲೆ ಬಿಸಿನೀರು ನಿಂತ್ರೆ ಹತ್ತಕ್ಕೆ ಎಂಟು ಸಲ ಅದು ಕಾಯಿಲ್‌ನಲ್ಲಿ ಗಾಳಿ ಸಿಕ್ಕಾಕೊಂಡಿರೋದು, ಏರ್ ಲಾಕ್. ಗೇಜ್ 80 ಇದೆ ಅಂದ್ರೆ ಥರ್ಮೋಸ್ಟಾಟ್ ಸರಿಯಾಗಿದೆ, ಎಂಜಿನ್ ಬಿಸಿ ಮಾಡ್ತಾನೇ ಇದೆ, ಬಿಸಿ ಮಧ್ಯದಲ್ಲಿ ಎಲ್ಲೋ ನಿಲ್ತಿದೆ. ಎಲ್ಲಿ ಅಂತ ಕಂಡುಹಿಡಿಯೋಕೆ ದುಡ್ಡು ಬೇಡ, ಕೈ ಸಾಕು.

ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ ಮೊದಲು ಟ್ಯಾಂಕಿನ ನೆತ್ತಿಯಿಂದ ನಲ್ಲಿಗೆ ಹೋಗೋ ಪೈಪ್ ಮುಟ್ಟಿ ನೋಡಿ, ಒಳಗೆ ಯಾರಾದ್ರೂ ಬಿಸಿ ನಲ್ಲಿ ಬಿಟ್ಟಿರ್ಲಿ. ಅಲ್ಲಿ ಸುಡ್ತಿದ್ದು ನಲ್ಲಿಲಿ ಮಾತ್ರ ಬೆಚ್ಚಗಿದ್ರೆ ಟ್ಯಾಂಕಿಗೂ ಎಂಜಿನ್‌ಗೂ ಏನೂ ಆಗಿಲ್ಲ, ಮಧ್ಯದಲ್ಲಿರೋ ಮಿಕ್ಸಿಂಗ್ ವಾಲ್ವ್ ಕೈಕೊಟ್ಟಿದೆ. ಸ್ನಾನ ಮಾಡೋವ್ರ ಮೈ ಸುಡಬಾರ್ದು ಅಂತ ತಣ್ಣೀರು ಬೆರೆಸಿ ಕಳ್ಸೋದು ಆ ವಾಲ್ವ್ ಕೆಲಸ, ನಿಮ್ಮ ಕಡೆ ಗಡಸು ನೀರು, ಸುಣ್ಣ ಕಟ್ಕೊಂಡು ಹಿಡ್ಕೊಂಡುಬಿಡತ್ತೆ. ಇನ್ನೊಂದು, ಶವರಿನ ಮಿಕ್ಸರ್ ತೆರೆದಿಟ್ಟು ಕೈಲಿ ಹಿಡಿಯೋ ತಲೆ ಹತ್ರ ಮಾತ್ರ ನೀರು ನಿಲ್ಸೋ ಅಭ್ಯಾಸ ಇದ್ರೆ ಮಿಕ್ಸರ್ ಒಳಗಿಂದಾನೇ ತಣ್ಣೀರು ಬಿಸಿ ಪೈಪಿಗೆ ನುಗ್ಗತ್ತೆ, ಮಿಕ್ಸರನ್ನೇ ಪೂರ್ತಿ ಮುಚ್ಚಿ ನೋಡಿ.

ಆ ಪೈಪೂ ಬೆಚ್ಚಗೇ ಇದ್ರೆ ಈಗ ಎಂಜಿನ್‌ನಿಂದ ಕಾಯಿಲ್‌ಗೆ ಹೋಗೋ ಹೋಸ್, ವಾಪಸ್ ಬರೋ ಹೋಸ್ ಎರಡನ್ನೂ ಮುಟ್ಟಿ, ಆದ್ರೆ ಬೆಲ್ಟ್ ಹತ್ರ ಕೈ, ಸೆರಗು, ದುಪ್ಪಟ್ಟ ಏನೂ ಹೋಗ್ದಂಗೆ ನೋಡ್ಕೊಳ್ಳಿ. ಹೋಗೋದು ಒಂದಷ್ಟು ದೂರ ಬಿಸಿ ಇದ್ದು ಬರೋದು ತಣ್ಣಗಿದ್ರೆ ಕೂಲಂಟ್ ಸುತ್ತುತ್ತಿಲ್ಲ, ಗಾಳಿ ಇದೆ. ಎರಡೂ ಒಂದೇ ಸಮ ಸುಡ್ತಿದ್ದು ಟ್ಯಾಂಕ್ ಮಾತ್ರ ಕಾಯ್ತಿಲ್ಲ ಅಂದ್ರೆ ಕಾಯಿಲ್ ಮೇಲೆ ಸುಣ್ಣದ ಪದರ ಕೂತಿದೆ, ಆಗ ಬೇಕಾದ್ರೆ ಯಾರ್ಡಿನವ್ರ ಮಾತು ಕೇಳೋಣ. ನಿಮ್ಮದು ಮೊದಲನೇದೇ ಇರ್ಬೇಕು.

ಗಾಳಿ ತೆಗೆಯೋದು ಹೀಗೆ. ಎಂಜಿನ್ ಪೂರ್ತಿ ತಣ್ಣಗಾಗ್ಲಿ, ಬಿಸಿ ಇರುವಾಗ ಎಂಜಿನ್‌ಗೆ ಕೂಲಂಟ್ ತುಂಬ್ಸೋ ಹೆಡರ್ ಟ್ಯಾಂಕಿನ ಮುಚ್ಚಳ ತೆಗೆದ್ರೆ ಕುದಿಯೋ ಕೂಲಂಟ್ ಮುಖಕ್ಕೇ ಚಿಮ್ಮತ್ತೆ, ಇದರಲ್ಲಿ ತಮಾಷೆ ಇಲ್ಲ. ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಕ್ಯಾಲೊರಿಫೈಯರ್ ಹತ್ರ ಅತಿ ಎತ್ತರದಲ್ಲಿರೋ ಬ್ಲೀಡ್ ಸ್ಕ್ರೂ, ಅಂದ್ರೆ ಗಾಳಿ ಬಿಡೋ ಸ್ಕ್ರೂ, ಸಡಿಲ ಮಾಡಿ. ಸ್ಕ್ರೂ ಇಲ್ದಿದ್ರೆ ಅಲ್ಲಿ ಮೇಲಿರೋ ಹೋಸಿನ ಕ್ಲಿಪ್ಪನ್ನೇ ಸಡಿಲಿಸಿ ಹೋಸ್ ತುದಿ ಒಂಚೂರು ಎತ್ತಿ. ಬುಸ್ ಅಂತ ಗಾಳಿ ಹೋಗಿ, ಆಮೇಲೆ ಬುಳುಬುಳು ಗುಳ್ಳೆ, ಕೊನೆಗೆ ಬರೀ ಕೂಲಂಟ್ ಬರತ್ತೆ, ಆಗ ಬಿಗಿ ಮಾಡಿ. ಕೆಳಗೆ ಒಂದು ಬೇಸಿನ್ ಇಟ್ಕೊಳ್ಳಿ, ಕೂಲಂಟ್ ವಿಷ, ಕಾಲುವೆಗೆ ಹೋಗ್ಬಾರ್ದು.

ಗುಟ್ಟು ಇರೋದು ಎತ್ತರದಲ್ಲಿ. ತುಂಬಾ ಬೋಟುಗಳಲ್ಲಿ ಕ್ಯಾಲೊರಿಫೈಯರ್‌ನ ಮಂಚದ ಕೆಳಗೋ ಮೆಟ್ಟಿಲ ಪಕ್ಕಾನೋ ಎಂಜಿನ್ನಿನ ಹೆಡರ್ ಟ್ಯಾಂಕ್‌ಗಿಂತ ಎತ್ತರಕ್ಕೆ ಕೂರಿಸಿರ್ತಾರೆ. ನೀರು ತಾನಾಗೇ ಮೇಲಕ್ಕೆ ಹತ್ತಲ್ಲ, ಹಾಗಾಗಿ ಹೆಡರ್ ಟ್ಯಾಂಕಿಗೆ ಎಷ್ಟು ಸುರಿದ್ರೂ ಕಾಯಿಲ್ ತುಂಬಲ್ಲ. ನಿಮ್ದು ಹಾಗಿದ್ರೆ ಮೇಲಿನ ಹೋಸ್ ಬಿಚ್ಚಿ ಆಲಿಕೆ ಇಟ್ಟು ಅಲ್ಲಿಂದಾನೇ ಕೂಲಂಟ್ ಸುರೀಬೇಕು, ಕಾಯಿಲೂ ಹೋಸೂ ತುಂಬಿದ ಮೇಲೆ ಬೇಗ ಸೇರ್ಸಿ ಬಿಗೀಬೇಕು. ಸುರಿಯೋದು ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದಂಗೆ ತಡೆಯೋ ದ್ರವ) ಅರ್ಧ ನೀರು ಅರ್ಧ, ಯಾರ್ಡಿನವ್ರು ಹಾಕಿದ ಜಾತಿದೇ, ಬಣ್ಣ ಒಂದೇ ಅಂತ ಬೇರೆ ಜಾತಿ ಬೆರೆಸ್ಬೇಡಿ. ಆಮೇಲೆ ಎಂಜಿನ್ ಹಾಕಿ 1200–1500 ಆರ್‌ಪಿಎಂ ನಲ್ಲಿ ಹತ್ತು ನಿಮಿಷ ಓಡ್ಸಿ, ಉಳಿದ ಗಾಳಿನ ಪಂಪ್ ತಳ್ಳತ್ತೆ, ತಣ್ಣಗಾದ ಮೇಲೆ ಹೆಡರ್ ಟ್ಯಾಂಕ್ ಮಟ್ಟ ಇಳಿದಿರತ್ತೆ, ಮತ್ತೆ ತುಂಬ್ಸಿ. ಬೋಟಿನ ಪಕ್ಕಕ್ಕೆ ವೆಲ್ಡ್ ಮಾಡಿರೋ ಸ್ಕಿನ್ ಟ್ಯಾಂಕ್ ಇದೆಯಲ್ಲ, ಕೂಲಂಟ್ ಕಾಲುವೆ ನೀರಿನ ತಂಪಿಗೆ ಆರೋ ಜಾಗ, ಅದರ ನೆತ್ತಿಲೂ ಒಂದು ಸ್ಕ್ರೂ ಇರತ್ತೆ, ಅದನ್ನೂ ಬ್ಲೀಡ್ ಮಾಡಿ.

ಹೋಸುಗಳು ಎಂಜಿನ್‌ನಿಂದ ಒಂದೇ ಸಮ ಏರ್ತಾ ಹೋಗ್ಬೇಕು, ಮಧ್ಯೆ ಎಲ್ಲಾದ್ರೂ ಡೊಂಕಾಗಿ ಎದ್ದು ಮತ್ತೆ ಇಳಿದಿದ್ರೆ ಆ ಉಬ್ಬಿನಲ್ಲಿ ಗಾಳಿ ಮತ್ತೆ ಮತ್ತೆ ಸೇರತ್ತೆ. ಕೂಲಂಟ್ ಬದಲಾಯಿಸಿದವ್ರೇ ಗಾಳಿ ತೆಗೆದು ಕೊಡ್ಬೇಕಿತ್ತು, ಅದು ಬಿಟ್ಟು ಹೊಸ ಟ್ಯಾಂಕ್ ಮಾರೋಕೆ ಹೊರಟಿದಾರೆ, ನಾನಾಗಿದ್ರೆ ವಾಪಸ್ ಹೋಗಿ ಪುಕ್ಕಟೆ ಬ್ಲೀಡ್ ಮಾಡ್ಕೊಡಿ ಅಂತ ಕೇಳ್ತಿದ್ದೆ.

ಪ್ರಶ್ನೆ: ಸಂಜೆ ನೀರು ಚೆನ್ನಾಗಿ ಕಾದಿರತ್ತೆ, ಬೆಳಗ್ಗೆ ನೋಡಿದ್ರೆ ತಣ್ಣಗೆ. ಪಕ್ಕದ ಬೋಟಿನವ್ರಿಗೆ ಮಾರನೇ ದಿನ ಮಧ್ಯಾಹ್ನದವರೆಗೂ ಬಿಸಿ ಇರತ್ತಂತೆ. ಟ್ಯಾಂಕಿಗೆ ಫೋಮ್ ಹೊದಿಕೆ ಇದೆ.
– ಬ್ರ್ಯಾಡ್‌ಫರ್ಡ್ ಆನ್ ಏವನ್, ಕೆನೆಟ್ ಅಂಡ್ ಏವನ್ ಕಾಲುವೆ

ಉತ್ತರ: ನಿಮ್ಮ ಕ್ಯಾಲೊರಿಫೈಯರ್ ನೆಲಮಟ್ಟದಲ್ಲಿ, ಎಂಜಿನ್‌ಗಿಂತ ಕೆಳಗೆ ಇದೆಯಾ ನೋಡಿ. ಮೇಲಿನ ಪತ್ರದವ್ರಿಗೆ ಎತ್ತರದ ಕಾಟ, ನಿಮಗೆ ತಗ್ಗಿನ ಕಾಟ. ಎಂಜಿನ್ ನಿಂತ ಮೇಲೆ ಕಾಯಿಲ್‌ನಲ್ಲಿರೋ ಬಿಸಿ ಕೂಲಂಟ್ ಹಗುರಾಗಿ ಮೇಲೇರಿ ಎಂಜಿನ್ ಕಡೆ ಹೋಗತ್ತೆ, ಅಲ್ಲಿ ತಣ್ಣಗಾದದ್ದು ಇಳಿದು ಬರತ್ತೆ. ಪಂಪ್ ಇಲ್ದೇನೇ ರಾತ್ರಿಯಿಡೀ ಈ ಸುತ್ತಾಟ ನಡೆದು ನಿಮ್ಮ ಸ್ನಾನದ ನೀರು ಎಂಜಿನ್‌ನ ಬೆಚ್ಚಗಿಡ್ತಾ ಕೂತಿರತ್ತೆ.

ಪರೀಕ್ಷೆ ಸುಲಭ, ಕಾಯಿಲ್ ಹೋಸಿಗೆ ಒಂದು ಬಾಲ್ ವಾಲ್ವ್ ಹಾಕಿಸಿ, ಎಂಜಿನ್ ನಿಲ್ಸಿದ ಮೇಲೆ ಮುಚ್ಚಿ, ಬೆಳಗ್ಗೆ ನೀರು ಬಿಸಿ ಉಳಿದಿದ್ರೆ ಕಳ್ಳ ಸಿಕ್ಕ. ಎಂಜಿನ್ ಹಾಕೋ ಮುಂಚೆ ತೆರೀಬೇಕು, ಅದು ಮರೀತೀರ ಅಂದ್ರೆ ಕಾಯಂ ಆಗಿ ಒಂದೇ ದಿಕ್ಕಿಗೆ ದಾರಿ ಬಿಡೋ ನಾನ್ ರಿಟರ್ನ್ ವಾಲ್ವ್ ಹಾಕಿಸ್ಬಹುದು. ಒಂದು ಷರತ್ತು, ಎಂಜಿನ್‌ನಿಂದ ಬರೋ ಬಿಸಿ ಕಾಯಿಲಿನ ಮೇಲಿನ ಬಾಯಿಗೆ ಸೇರಿದ್ರೆ ಮಾತ್ರ ರಾತ್ರಿಯ ಸುತ್ತಾಟ ಉಲ್ಟಾ ದಿಕ್ಕಲ್ಲಿ ಇರತ್ತೆ, ಆಗ ವಾಲ್ವ್ ತಡೆಯತ್ತೆ. ಕೆಳಗಿನ ಬಾಯಿಗೆ ಸೇರ್ಸಿದ್ರೆ ಎರಡೂ ಒಂದೇ ದಿಕ್ಕು, ವಾಲ್ವ್ ಸುಮ್ನೆ ದಾರಿ ಬಿಡತ್ತೆ. ಅದಕ್ಕೆ ಮೊದಲು ಹೋಸ್ ಯಾವುದು ಎಲ್ಲಿ ಅಂತ ನೋಡ್ಕೊಂಡೇ ಹಾಕ್ಸಿ, ತಿರುಗಾಮುರುಗಾ ಹಾಕಿದ್ರಂತೂ ಬಿಸಿನೀರೇ ಇರಲ್ಲ.

ಪ್ರಶ್ನೆ: ಎಂಜಿನ್ನಿನ ಹೆಡರ್ ಟ್ಯಾಂಕಲ್ಲಿ ಕೂಲಂಟ್ ಕಮ್ಮಿ ಆಗೋದು ಕೇಳಿದೀನಿ, ನಮ್ದು ಜಾಸ್ತಿ ಆಗ್ತಿದೆ! ಬೆಳಗ್ಗೆ ಎದ್ದು ನೋಡಿದ್ರೆ ಉಕ್ಕಿ ಬೋಟಿನ ತಳಕ್ಕೆ (ಬಿಲ್ಜ್) ಹರಿದಿರತ್ತೆ. ನಲ್ಲಿ ಯಾರೂ ತಿರುಗಿಸ್ದೇ ಇದ್ರೂ ನೀರಿನ ಪಂಪ್ ರಾತ್ರಿ ಆಗಾಗ ಟರ್ರ್ ಅನ್ನತ್ತೆ.
– ಸ್ಕಿಪ್ಟನ್, ಲೀಡ್ಸ್ ಅಂಡ್ ಲಿವರ್‌ಪೂಲ್ ಕಾಲುವೆ

ಉತ್ತರ: ಇವತ್ತಿಂದಲೇ ಆ ಬಿಸಿ ನಲ್ಲಿ ನೀರು ಕುಡಿಯೋದು, ಅಡುಗೆಗೆ ಬಳಸೋದು, ಮಕ್ಕಳ ಬಾಯಿ ಮುಕ್ಕಳಿಸೋದು ಎಲ್ಲ ನಿಲ್ಸಿ. ಕಾಯಿಲ್‌ನಲ್ಲಿ ಸಣ್ಣ ತೂತು ಬಿದ್ದಿರೋ ಲಕ್ಷಣ ಇದು. ನಲ್ಲಿ ಪಂಪಿನ ಒತ್ತಡ ಸುಮಾರು 2 ಬಾರ್, ನಿಂತಿರೋ ಎಂಜಿನ್ನಿನ ಕೂಲಂಟಲ್ಲಿ ಒತ್ತಡವೇ ಇಲ್ಲ, ಹಾಗಾಗಿ ಕುಡಿಯೋ ನೀರು ಕೂಲಂಟಿಗೆ ನುಗ್ಗಿ ಉಕ್ಕಿಸ್ತಿದೆ, ಪಂಪ್ ಅದನ್ನ ತುಂಬ್ಸೋಕೆ ಎದ್ದೆದ್ದು ಓಡ್ತಿದೆ. ಪಂಪ್ ಆಫ್ ಇದ್ದು ಎಂಜಿನ್ ಓಡ್ತಿರುವಾಗ ಲೆಕ್ಕ ಉಲ್ಟಾ ಆಗ್ಬಹುದು, ಆಂಟಿಫ್ರೀಜ್ ನಿಮ್ಮ ನೀರಿಗೆ ಬರತ್ತೆ, ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಹಾಳು ಮಾಡೋ ವಿಷ.

ಖಾತ್ರಿ ಮಾಡ್ಕೊಳ್ಳೋಕೆ ಒಂದು ರಾತ್ರಿ ಪಂಪ್ ಆಫ್ ಮಾಡಿ, ನಲ್ಲಿ ತೆರೆದು ಒತ್ತಡ ಬಿಟ್ಬಿಡಿ. ಬೆಳಗ್ಗೆ ಹೆಡರ್ ಟ್ಯಾಂಕ್ ಏರಿಲ್ಲ ಅಂದ್ರೆ ಕಾಯಿಲೇ. ಬರೀ ಪಂಪ್ ಓಡಿ ಕೂಲಂಟ್ ಮಟ್ಟ ಹಾಗೇ ಇದ್ದಿದ್ರೆ ಒತ್ತಡ ಜಾಸ್ತಿ ಆದ್ರೆ ನೀರು ಹೊರಗೆ ಬಿಡೋ ಟ್ಯಾಂಕಿನ 3 ಬಾರ್ ರಿಲೀಫ್ ವಾಲ್ವ್ ತೊಟ್ಟಿಕ್ಕತ್ತೇನೋ ಅಂತಿದ್ದೆ. ಇಲ್ಲಿ ರಿಪೇರಿ ಅನ್ನೋದಿಲ್ಲ, ಕ್ಯಾಲೊರಿಫೈಯರ್ ಹೊಸದೇ ಬೇಕು, ನೀರಿನ ಪೈಪೆಲ್ಲ ಚೆನ್ನಾಗಿ ತೊಳೆಸಿ, ಕೂಲಂಟ್ ನೀರಾಗಿದೆ ಅದನ್ನೂ ಬದಲಾಯ್ಸಿ, ಇಲ್ಲಾಂದ್ರೆ ಚಳಿಗೆ ಹೆಪ್ಪುಗಟ್ಟಿ ಎಂಜಿನ್ನೇ ಒಡೀಬಹುದು. ಅಲ್ಲಿವರೆಗೂ ಎರಡು ಹೋಸನ್ನೂ ಕಾಯಿಲ್‌ನಿಂದ ಬಿಚ್ಚಿ ಒಂದಕ್ಕೊಂದು ಸೇರ್ಸಿ, ಕಾಯಿಲಿನ ಎರಡೂ ಬಾಯಿಗೆ ಮುಚ್ಚಳ ಹಾಕ್ಬಿಟ್ರೆ ಎಂಜಿನ್ ಓಡಿಸ್ಬಹುದು.

ಪ್ರಶ್ನೆ: ಮಂಗಳೂರಿಂದ ನಾವು ನಾಲ್ಕು ಜನ ರಜಕ್ಕೆ ಬಂದು ಬೋಟ್ ಬಾಡಿಗೆಗೆ ತಗೊಳ್ಳೋಣ ಅಂತಿದೀವಿ. ಎಲ್ರಿಗೂ ಬಿಸಿನೀರು ಸಿಗತ್ತಾ? ರಾತ್ರಿ ಎಂಜಿನ್ ಹಾಕಿ ಕಾಯಿಸ್ಬಹುದಾ?

ಉತ್ತರ: ರಾತ್ರಿ ಆಗಲ್ಲ, ಕಟ್ಟಿ ನಿಲ್ಸಿರೋ ಬೋಟಲ್ಲಿ ಬೇರೆಯವ್ರ ಹತ್ರ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಎಂಜಿನ್ ಓಡಿಸ್ಬಾರ್ದು ಅಂತ ಕಾಲುವೆಗಳನ್ನ ನೋಡ್ಕೊಳ್ಳೋ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನಿಯಮ. ನಿಮ್ಮ ಬೋಟಲ್ಲೂ 55 ಲೀಟರ್ ಟ್ಯಾಂಕ್ ಅಂದ್ಕೊಳ್ಳಿ, ಅಷ್ಟು ನೀರನ್ನ 10ರಿಂದ 60 ಡಿಗ್ರಿಗೆ ಏರ್ಸೋಕೆ ಸುಮಾರು 3.2 ಯೂನಿಟ್ ಶಾಖ ಬೇಕು, ದಂಡೆಲಿ ಕರೆಂಟ್ ಸಿಕ್ಕಿ 1 ಕಿಲೋವ್ಯಾಟ್ ಇಮ್ಮರ್ಷನ್ ಹಾಕಿದ್ರೂ ಮೂರು ಗಂಟೆ ಮೇಲೆ. ಹಗಲಲ್ಲಿ ಬೋಟ್ ಓಡಿಸ್ತಾ ಇದ್ರೆ ಸಂಜೆಗೆ ತಾನಾಗೇ ಕಾದಿರತ್ತೆ. ಆ ನೀರಿಗೆ ತಣ್ಣೀರು ಬೆರೆಸಿದ್ರೆ ಸ್ನಾನಕ್ಕೆ ಹದವಾದ ನೀರು ಲೆಕ್ಕಕ್ಕೆ 90 ಲೀಟರ್, ನಿಜವಾಗ್ಲೂ ಕೈಗೆ ಸಿಗೋದು ಕಮ್ಮಿ, ಬಳಸ್ತಾ ಬಳಸ್ತಾ ಕೆಳಗಿಂದ ತಣ್ಣೀರು ಸೇರತ್ತಲ್ಲ. ಇಬ್ರು ಸಂಜೆ ಲಂಗರು ಹಾಕಿದ ತಕ್ಷಣ, ಇಬ್ರು ಮಾರನೇ ದಿನ ಬೋಟ್ ಒಂದೆರಡು ಗಂಟೆ ಓಡಿದ ಮೇಲೆ ಸ್ನಾನ ಮಾಡಿ, ಜಗಳ ಇರಲ್ಲ.