ಅವಳು ಮುಖ ತಿರುಗಿಸಿದ್ದು ಯಾಕೆ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಡಬ್ಲಿನ್‌ನಲ್ಲಿರುವ ಮಗಳು ಒಂದು ಚಿತ್ರದ ಕಾರ್ಡ್ ಕಳಿಸಿದ್ದಾಳೆ. ಮೆಟ್ಟಿಲ ಮೇಲೆ ಯೋಧನೊಬ್ಬ ನೀಲಿ ಉಡುಪಿನ ಹುಡುಗಿಯ ತೋಳಿಗೆ ಮುತ್ತಿಡುತ್ತಿದ್ದಾನೆ. ಅವಳು ಅವನತ್ತ ನೋಡುತ್ತಲೇ ಇಲ್ಲ. ಇಷ್ಟವಿಲ್ಲದವಳನ್ನು ಹಿಡಿದುಕೊಂಡ ಹಾಗಿದೆ. ಇದು ಪ್ರೇಮದ ಚಿತ್ರ ಹೇಗಾಯಿತು?"

ಪ್ರಿಯ ಓದುಗರೇ,

ನಿಮ್ಮ ಅನುಮಾನ ಸಹಜ. ಕತೆ ಗೊತ್ತಿಲ್ಲದೆ ನೋಡಿದರೆ ಹಾಗೇ ಅನ್ನಿಸಬಹುದು. ಇದು ಐರಿಷ್ ಕಲಾವಿದ ಫ್ರೆಡೆರಿಕ್ ವಿಲಿಯಂ ಬರ್ಟನ್ 1864ರಲ್ಲಿ ಬರೆದ ಚಿತ್ರ. ಕತೆ ಡೆನ್ಮಾರ್ಕಿನ ಹಳೆಯ ಲಾವಣಿಯದು. ಬರ್ಟನ್‌ನ ಗೆಳೆಯ ವಿಟ್ಲಿ ಸ್ಟೋಕ್ಸ್ ಅದನ್ನು ಇಂಗ್ಲಿಷಿಗೆ ತಂದಿದ್ದ. ಈ ನೀಲಿ ಉಡುಪಿನ ಹುಡುಗಿ ಹೆಲೆಲಿಲ್, ತನ್ನ ಕಾವಲಿಗಿದ್ದ ಯೋಧ ಹಿಲ್ಡೆಬ್ರಾಂಡ್‌ನನ್ನೇ ಪ್ರೀತಿಸುತ್ತಾಳೆ. ಅಪ್ಪ ಒಪ್ಪುವುದಿಲ್ಲ. ಅವನನ್ನು ಕೊಲ್ಲಿ ಎಂದು ಏಳು ಗಂಡುಮಕ್ಕಳಿಗೆ ಹೇಳುತ್ತಾನೆ. ಹಿಲ್ಡೆಬ್ರಾಂಡ್ ಅಪ್ಪನನ್ನೂ ಆರು ಜನರನ್ನೂ ಕೊಲ್ಲುತ್ತಾನೆ. ಕೊನೆಯ ತಮ್ಮನನ್ನಾದರೂ ಬಿಡು ಅಂತ ಅವಳು ಬೇಡಿಕೊಳ್ಳುತ್ತಾಳೆ. ಗಾಯಗಳಿಂದ ಹಿಲ್ಡೆಬ್ರಾಂಡ್ ಕೂಡ ಸಾಯುತ್ತಾನೆ, ಆಮೇಲೆ ಅವಳೂ.

ಇಷ್ಟು ರಕ್ತದ ಕತೆಯಲ್ಲಿ ಬರ್ಟನ್ ಒಂದು ಹನಿಯನ್ನೂ ಬರೆಯಲಿಲ್ಲ! ಅದಕ್ಕೆಲ್ಲ ಮೊದಲು ಇಬ್ಬರೂ ಕೊನೆಯ ಸಲ ಎದುರಾಗುವ ಗಳಿಗೆಯನ್ನು ತಾನೇ ಊಹಿಸಿಕೊಂಡ. ನನಗೆ ಅವನ ದೊಡ್ಡತನ ಕಾಣುವುದು ಇಲ್ಲೇ.

ಈಗ ಅವಳ ಮುಖ ಬಿಟ್ಟು ತೋಳು ನೋಡಿ. ಬೇಡವಾಗಿದ್ದರೆ ಅವಳು ತೋಳನ್ನು ಎಳೆದುಕೊಳ್ಳಬೇಕಿತ್ತು, ಅಲ್ವಾ? ಎಳೆದುಕೊಂಡಿಲ್ಲ. ಅವನಿಗೇ ಬಿಟ್ಟಿದ್ದಾಳೆ. ಅವನೂ ತುಟಿಗೆ ಮುತ್ತಿಡುತ್ತಿಲ್ಲ, ಅವಳನ್ನು ತನ್ನತ್ತ ತಿರುಗಿಸಿಕೊಳ್ಳುತ್ತಲೂ ಇಲ್ಲ. ಕಣ್ಣು ಮುಚ್ಚಿ ಅವಳ ತೋಳನ್ನು ಮುಖಕ್ಕೆ ಒತ್ತಿಕೊಂಡಿದ್ದಾನೆ, ಅಷ್ಟೇ. ಒಂದು ಸಲ ಅವನ ಮುಖ ನೋಡಿದರೆ ಅವಳಿಗೆ ಅಲ್ಲಿಂದ ಹೆಜ್ಜೆ ಕೀಳಲು ಆಗುವುದಿಲ್ಲ. ಮುಖ ತಿರುಗಿಸಿರುವುದು ಅದಕ್ಕೇ ಎಂದು ನಾನು ಓದಿಕೊಳ್ಳುತ್ತೇನೆ. ಮೆಟ್ಟಿಲ ಮೇಲೆ ಬಿಳಿ ಹೂವಿನ ಎಸಳುಗಳೂ ಬಿದ್ದಿವೆ. ಕಾರ್ಡ್ ಚಿಕ್ಕದಾದ್ದರಿಂದ ಅವು ಸುಲಭಕ್ಕೆ ಕಾಣಲಿಕ್ಕಿಲ್ಲ.

ಐರ್ಲೆಂಡಿನ ಜನ 2012ರಲ್ಲಿ ಇದನ್ನೇ ತಮ್ಮ ಅಚ್ಚುಮೆಚ್ಚಿನ ಚಿತ್ರವಾಗಿ ಆರಿಸಿದರು. ಡಬ್ಲಿನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಜಲವರ್ಣವಾದ್ದರಿಂದ ಬೆಳಕು ಜಾಸ್ತಿ ಬಿದ್ದರೆ ಬಣ್ಣ ಮಾಸುತ್ತದೆ. ಹಾಗಾಗಿ ಕಪಾಟಿನಲ್ಲಿ ಮುಚ್ಚಿಟ್ಟು, ವಾರಕ್ಕೆ ಕೆಲವೇ ಗಂಟೆ ತೆರೆಯುತ್ತಾರೆ. ಮಗಳು ಮೂಲಚಿತ್ರ ಇನ್ನೂ ನೋಡಿಲ್ಲವಾದರೆ, ಸಮಯ ವಿಚಾರಿಸಿಕೊಂಡೇ ಹೋಗಲು ಹೇಳಿ.

– ಸಂಪಾದಕ